ಏಪ್ರಿಲ್ 12: ಒಂದು ತಾರೀಖಿನ ಎಂಟು ಶತಮಾನ

ಏಪ್ರಿಲ್ 12 ವರ್ಷದ 102ನೇ ದಿನ. ಅಧಿಕ ವರ್ಷದಲ್ಲಿ 103ನೆಯದು. ಗೆಲಿಲಿಯೊ ಮತವಿಚಾರಣೆಯ ಅಧಿಕಾರಿಗಳ ಮುಂದೆ ಕುಳಿತದ್ದು, ಅಮೆರಿಕದ ಅಂತರ್ಯುದ್ಧದ ಮೊದಲ ಫಿರಂಗಿ ಸಿಡಿದದ್ದು, ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದು, ಮನುಷ್ಯ ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಏರಿದ್ದು, ಎಲ್ಲವೂ ಬೇರೆ ಬೇರೆ ವರ್ಷಗಳ ಇದೇ ತಾರೀಖಿನಂದು. ಕನ್ನಡಿಗರ ಪಾಲಿಗೆ ಇದು ಡಾ. ರಾಜ್‌ಕುಮಾರ್ ಅಗಲಿದ ದಿನ.

ಒಂದೇ ತಾರೀಖಿನ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳ ನಂಟು ಮೂರು ಬಗೆಯದೆಂದು ಕಾಣುತ್ತದೆ. ಕೆಲವು ಬರೀ ಕಾಕತಾಳೀಯ. ಕೆಲವನ್ನು ಹಿಂದಿನದರ ನೆನಪಿಗಾಗಿ ಜನರೇ ಆ ದಿನಕ್ಕೆ ಹೊಂದಿಸಿರುತ್ತಾರೆ. ಇನ್ನು ಕೆಲವು ನಿಜವಾಗಿಯೂ ಒಂದರಿಂದ ಇನ್ನೊಂದು ಹುಟ್ಟಿದಂಥವು. ಏಪ್ರಿಲ್ 12ರಲ್ಲಿ ಈ ಮೂರೂ ಬಗೆ ಸಿಗುತ್ತವೆ. ಮೂರನೆಯ ಬಗೆಯ ಎಳೆಯಂತೂ ಒಮ್ಮೊಮ್ಮೆ ಧಾರವಾಡದ ಹೊಲದವರೆಗೂ ಬರುತ್ತದೆ.

ಹಳೆಯ ತಾರೀಖುಗಳನ್ನು ಓದುವಾಗ ಒಂದು ವಿಷಯ ಗಮನದಲ್ಲಿರಬೇಕು. ಯುರೋಪಿನಲ್ಲಿ 1582ರವರೆಗೆ ಬಳಕೆಯಲ್ಲಿದ್ದದ್ದು ಜೂಲಿಯನ್ ಕ್ಯಾಲೆಂಡರ್. ಆ ವರ್ಷ ಪೋಪ್ 13ನೇ ಗ್ರೆಗರಿ 10 ದಿನಗಳನ್ನು ಕೈಬಿಟ್ಟು ಇಂದಿನ ಕ್ಯಾಲೆಂಡರನ್ನು ಜಾರಿಗೆ ತಂದರು. ಅದಕ್ಕೂ ಹಿಂದಿನ ಘಟನೆಗಳನ್ನು ಆಯಾ ಕಾಲದ ಲೆಕ್ಕದಲ್ಲೇ ಹೇಳುವುದು ವಾಡಿಕೆ.

ಕಾನ್‌ಸ್ಟಾಂಟಿನೋಪಲ್‌ನ ಗೋಡೆ, 1204

ಈ ತಾರೀಖಿನ ಹಳೆಯ ಘಟನೆಗಳಲ್ಲಿ ದೊಡ್ಡದು ಕಾನ್‌ಸ್ಟಾಂಟಿನೋಪಲ್ ನಗರದ ಪತನ. ಇಂದಿನ ಇಸ್ತಾಂಬುಲ್ ಆಗಿರುವ ಈ ನಗರ ಆಗ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ, ಕ್ರೈಸ್ತ ಜಗತ್ತಿನ ಅತ್ಯಂತ ಸಿರಿವಂತ ಪಟ್ಟಣ. ನಾಲ್ಕನೇ ಧರ್ಮಯುದ್ಧಕ್ಕೆ ಹೊರಟ ಪಶ್ಚಿಮ ಯುರೋಪಿನ ಸೈನಿಕರ ಗುರಿ ಇದಾಗಿರಲಿಲ್ಲ. ಅವರು ಮುಸ್ಲಿಂ ಆಳ್ವಿಕೆಯ ಈಜಿಪ್ಟಿನ ಮೂಲಕ ಜೆರುಸಲೇಮಿಗೆ ಹೋಗಬೇಕಿತ್ತು. ಹಡಗು ಕಟ್ಟಿಸಿಕೊಟ್ಟ ವೆನಿಸ್ ನಗರಕ್ಕೆ ಅವರಿಂದ ಸಾಲ ತೀರಿಸಲಾಗಲಿಲ್ಲ. ಸಾಲದ ಜೊತೆಗೆ ಬೈಜಾಂಟೈನ್ ಸಿಂಹಾಸನದ ಜಗಳವೂ ಸೇರಿಕೊಂಡು ದಂಡು ಈ ನಗರದತ್ತ ತಿರುಗಿತು. 1204ರ ಏಪ್ರಿಲ್ 12ರಂದು ಹಡಗುಗಳ ಮೇಲಿನಿಂದ ಸಮುದ್ರದ ಕಡೆಯ ಗೋಡೆಗೆ ಸೇತುವೆ ಚಾಚಿ ಸೈನಿಕರು ಒಳನುಗ್ಗಿದರು. ಮುಂದೆ ಮೂರು ದಿನ ಲೂಟಿ ನಡೆಯಿತು. ಆಗ ಹೊತ್ತೊಯ್ದ ನಾಲ್ಕು ಲೋಹದ ಕುದುರೆಗಳು ಇಂದಿಗೂ ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನಲ್ಲಿವೆ. ಸಾಮ್ರಾಜ್ಯ 1261ರಲ್ಲಿ ರಾಜಧಾನಿಯನ್ನು ಮರಳಿ ಪಡೆದರೂ ಹಳೆಯ ಬಲ ಮರಳಲಿಲ್ಲ. 1453ರಲ್ಲಿ ಆಟೊಮನ್ ತುರ್ಕರು ಗೆದ್ದದ್ದು ಹೀಗೆ ಮೊದಲೇ ಸೊರಗಿದ್ದ ನಗರವನ್ನು.

ಗೆಲಿಲಿಯೊ ಮುಂದಿಟ್ಟ ಕಾಗದ, 1633

1633ರ ಏಪ್ರಿಲ್ 12ರಂದು ರೋಮ್‌ನಲ್ಲಿ 69 ವರ್ಷದ ಗೆಲಿಲಿಯೊ ಗೆಲಿಲಿಯ ಮೊದಲ ವಿಚಾರಣೆ ನಡೆಯಿತು. ಹಿಂದಿನ ವರ್ಷ ಪ್ರಕಟವಾದ ಅವನ ಪುಸ್ತಕದಲ್ಲಿ ಮೂವರು ಸೂರ್ಯ ಮತ್ತು ಭೂಮಿಯ ಬಗ್ಗೆ ವಾದ ಮಾಡುತ್ತಾರೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎನ್ನುವವನ ಮಾತೇ ಅಲ್ಲಿ ಗಟ್ಟಿಯಾಗಿತ್ತು. ಕೊಪರ್ನಿಕಸ್‌ನ ಈ ವಾದ ಧರ್ಮಗ್ರಂಥಕ್ಕೆ ವಿರುದ್ಧವೆಂದು ಚರ್ಚು 1616ರಲ್ಲೇ ತೀರ್ಮಾನಿಸಿತ್ತು.

ವಿಚಾರಣೆ ನಿಂತದ್ದು ಎರಡು ಕಾಗದಗಳ ಮೇಲೆ. ಈ ವಾದವನ್ನು ನಂಬಕೂಡದು, ಕಲಿಸಕೂಡದು, ಯಾವ ರೀತಿಯಲ್ಲೂ ಸಮರ್ಥಿಸಕೂಡದು ಎಂದು 1616ರಲ್ಲಿ ಗೆಲಿಲಿಯೊಗೆ ಕಟ್ಟಪ್ಪಣೆ ಮಾಡಲಾಗಿತ್ತು ಎಂಬ ಟಿಪ್ಪಣಿ ನ್ಯಾಯಮಂಡಳಿಯ ಕಡತದಲ್ಲಿತ್ತು. ಅದಕ್ಕೆ ಎದುರಾಗಿ ಗೆಲಿಲಿಯೊ ಕಾರ್ಡಿನಲ್ ಬೆಲಾರ್ಮಿನ್ ಅದೇ ವರ್ಷ ಬರೆದುಕೊಟ್ಟಿದ್ದ ಪತ್ರವನ್ನು ತೆಗೆದಿಟ್ಟ. ಅದರಲ್ಲಿದ್ದ ಎಚ್ಚರಿಕೆ ಅಷ್ಟು ಬಿಗಿಯಾಗಿರಲಿಲ್ಲ. ಪತ್ರ ಬರೆದ ಕಾರ್ಡಿನಲ್ ತೀರಿಕೊಂಡು ಆಗಲೇ 12 ವರ್ಷವಾಗಿತ್ತು, ಸಾಕ್ಷಿ ಹೇಳುವವರಿರಲಿಲ್ಲ. ಜೂನ್ 22ರಂದು ತೀರ್ಪು ಬಂತು. ಗೆಲಿಲಿಯೊ ಮಂಡಿಯೂರಿ ತನ್ನ ವಾದವನ್ನು ಅಲ್ಲಗಳೆಯಬೇಕಾಯಿತು. ಉಳಿದ ಆಯುಷ್ಯವೆಲ್ಲ ಫ್ಲಾರೆನ್ಸ್ ಬಳಿಯ ಆರ್ಚೆಟ್ರಿಯಲ್ಲಿ ಗೃಹಬಂಧನ. ಅಲ್ಲಿದ್ದುಕೊಂಡೇ ಅವನು ಚಲನೆ ಮತ್ತು ವಸ್ತುಗಳ ಬಲದ ಕುರಿತ ತನ್ನ ಮುಖ್ಯ ಗ್ರಂಥವನ್ನು ಮುಗಿಸಿದ. ಅದು 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. 1642ರಲ್ಲಿ ಅವನು ತೀರಿಕೊಂಡ. ಆಗಿನ ದೇವಶಾಸ್ತ್ರಜ್ಞರು ತಪ್ಪಿದ್ದರು ಎಂದು ಪೋಪ್ ಎರಡನೇ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿಕೊಂಡದ್ದು 1992ರಲ್ಲಿ.

ಸಮ್ಟರ್ ಕೋಟೆಯ ಫಿರಂಗಿ, 1861

1861ರ ಏಪ್ರಿಲ್ 12ರ ನಸುಕಿನ ನಾಲ್ಕೂವರೆಗೆ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಬಂದರಿನಲ್ಲಿ ಮೊದಲ ಗುಂಡು ಸಿಡಿಯಿತು. ಬಂದರಿನ ಬಾಯಲ್ಲಿರುವ ಸಮ್ಟರ್ ಕೋಟೆ ಕೇಂದ್ರ ಸರ್ಕಾರದ ಸೇನೆಯ ಕೈಯಲ್ಲಿತ್ತು. ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದ ಮೇಲೆ, ಗುಲಾಮಗಿರಿಯನ್ನು ಬಿಡಲೊಪ್ಪದ ಏಳು ದಕ್ಷಿಣ ರಾಜ್ಯಗಳು ಒಕ್ಕೂಟದಿಂದ ಹೊರಬಂದು ತಮ್ಮದೇ ಸರ್ಕಾರ ಕಟ್ಟಿಕೊಂಡಿದ್ದವು. ಕೋಟೆಯ ಮೇಲೆ ದಾಳಿಗೆ ಆಜ್ಞೆ ಕೊಟ್ಟ ಜನರಲ್ ಬೋರೆಗಾರ್ಡ್ ಮತ್ತು ಕೋಟೆ ಕಾಯುತ್ತಿದ್ದ ಮೇಜರ್ ಆ್ಯಂಡರ್ಸನ್ ಗುರುಶಿಷ್ಯರು. ಬೋರೆಗಾರ್ಡ್‌ಗೆ ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ಫಿರಂಗಿ ವಿದ್ಯೆ ಕಲಿಸಿದವರು ಆ್ಯಂಡರ್ಸನ್.

ಸುಮಾರು 34 ಗಂಟೆ ಗುಂಡಿನ ಮಳೆ ಸುರಿದರೂ ಆ ಕಾದಾಟದಲ್ಲಿ ಯಾರೂ ಸಾಯಲಿಲ್ಲ. ಶರಣಾದ ಮೇಲೆ ಧ್ವಜ ಇಳಿಸುವ ಮುನ್ನ ಗೌರವಕ್ಕೆಂದು ಹಾರಿಸುತ್ತಿದ್ದ ತೋಪು ಆಕಸ್ಮಿಕವಾಗಿ ಸಿಡಿದು ಒಬ್ಬ ಸೈನಿಕ ಸತ್ತ. ಹೀಗೆ ಶುರುವಾದ ಯುದ್ಧ ನಾಲ್ಕು ವರ್ಷ ನಡೆದು ಆರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಮೆರಿಕ ಹೋರಾಡಿದ ಬೇರಾವ ಯುದ್ಧದಲ್ಲೂ ಅಷ್ಟು ಅಮೆರಿಕನ್ನರು ಸತ್ತಿಲ್ಲ. ಅದರ ಕೊನೆಯಲ್ಲಿ, 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. ಯುದ್ಧ ಶುರುವಾದಾಗ ಆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು.

ಈ ಯುದ್ಧದ ಬಿಸಿ ಉತ್ತರ ಕರ್ನಾಟಕಕ್ಕೂ ತಟ್ಟಿತು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಹತ್ತಿ ಬರುತ್ತಿದ್ದದ್ದು ಮುಖ್ಯವಾಗಿ ಗುಲಾಮರು ದುಡಿಯುತ್ತಿದ್ದ ಅಮೆರಿಕದ ದಕ್ಷಿಣದಿಂದ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಗಿರಣಿಗಳು ಬಣಗುಟ್ಟಿದವು, ವ್ಯಾಪಾರಿಗಳ ಕಣ್ಣು ಭಾರತದ ಕಡೆ ಹೊರಳಿತು. ಧಾರವಾಡ ಸೀಮೆಯ ಕಪ್ಪು ಮಣ್ಣಿನಲ್ಲಿ ಅದಕ್ಕೂ ಎರಡು ದಶಕ ಮೊದಲೇ ಅಮೆರಿಕದ ಹತ್ತಿ ತಳಿ ಬೇರೂರಿತ್ತು. ಪೇಟೆಯಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಎಂದೇ ಹೆಸರು. ಅದರ ಬೆಲೆ ಏಕಾಏಕಿ ಏರಿತು. ಈ ಹತ್ತಿಯನ್ನು ಸಮುದ್ರಕ್ಕೆ ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಬೇಕೆಂಬ ಒತ್ತಾಯಕ್ಕೆ ಬಲ ಬಂದದ್ದೂ ಆಗಲೇ. 1862ರಲ್ಲಿ ಕಾರವಾರವಿರುವ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1865ರಲ್ಲಿ ಯುದ್ಧ ನಿಂತಾಗ ಹತ್ತಿಯ ಬೆಲೆ ಏರಿದಷ್ಟೇ ವೇಗದಲ್ಲಿ ಕುಸಿಯಿತು. ಎಲ್ಲೋ ದೂರದ ಕಾಳಗವೊಂದು ರೈತನ ಕೈಗೆ ನಾಲ್ಕು ವರ್ಷ ಹಣ ಕೊಟ್ಟು ಮತ್ತೆ ಕಿತ್ತುಕೊಂಡಿತ್ತು.

ಯುದ್ಧದಿಂದ ಬೆಳೆದ ಇನ್ನೊಂದು ಹೆಸರು ಕ್ಲಾರಾ ಬಾರ್ಟನ್. ವಾಷಿಂಗ್ಟನ್‌ನ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಈಕೆ, ಸಮ್ಟರ್ ಪತನವಾದ ವಾರದಲ್ಲೇ ಗಾಯಗೊಂಡು ನಗರಕ್ಕೆ ಬಂದ ಸೈನಿಕರ ಶುಶ್ರೂಷೆಗೆ ಇಳಿದರು. ಮುಂದೆ ಗಾಡಿಯಲ್ಲಿ ಬಟ್ಟೆ, ಔಷಧಿ ಹೇರಿಕೊಂಡು ನೇರ ರಣರಂಗಕ್ಕೆ ಹೋದರು. 1862ರಲ್ಲಿ ಆ್ಯಂಟೀಟಮ್ ಕದನದ ನಡುವೆ ಗುಂಡೊಂದು ಅವರ ತೋಳಿನ ಬಟ್ಟೆಯನ್ನು ತೂರಿಹೋಗಿ, ಅವರು ಆರೈಕೆ ಮಾಡುತ್ತಿದ್ದ ಸೈನಿಕನನ್ನು ಕೊಂದಿತು. ಯುದ್ಧ ಮುಗಿದ ಮೇಲೆ ಕಾಣೆಯಾದವರನ್ನು ಹುಡುಕುವ ಕಚೇರಿ ತೆರೆದು 22,000ಕ್ಕೂ ಹೆಚ್ಚು ಸೈನಿಕರ ಗತಿ ಏನಾಯಿತೆಂದು ಪತ್ತೆ ಮಾಡಿ ಮನೆಯವರಿಗೆ ತಿಳಿಸಿದರು. 1881ರಲ್ಲಿ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ತೀರಿಕೊಂಡದ್ದು 1912ರ ಏಪ್ರಿಲ್ 12ರಂದು, 90ನೇ ವಯಸ್ಸಿನಲ್ಲಿ. ಯುದ್ಧ ಶುರುವಾದ ತಾರೀಖೂ ಅದರ ಗಾಯಕ್ಕೆ ಔಷಧಿ ಹಚ್ಚಿದವರು ಅಗಲಿದ ತಾರೀಖೂ ಒಂದೇ ಆದದ್ದು ಕಾಕತಾಳೀಯವಾದರೂ ಅವರ ಬದುಕನ್ನು ರೂಪಿಸಿದ್ದು ಆ ಯುದ್ಧವೇ.

ರೂಸ್‌ವೆಲ್ಟ್ ಮತ್ತು ಪೋಲಿಯೊ, 1945 ಮತ್ತು 1955

1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನ ತಮ್ಮ ಮನೆಯಲ್ಲಿ ಚಿತ್ರಕಲಾವಿದೆಯೊಬ್ಬರ ಮುಂದೆ ಭಾವಚಿತ್ರಕ್ಕಾಗಿ ಕುಳಿತಿದ್ದರು. ತಲೆ ಸಿಡಿಯುತ್ತಿದೆ ಎಂದವರು ಕುಸಿದುಬಿದ್ದರು. ಮಿದುಳಿನ ರಕ್ತಸ್ರಾವದಿಂದ ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಪ್ರಾಣ ಹೋಯಿತು. ಭಾರತದಲ್ಲಿ ಆ ಹೊತ್ತಿಗೆ ಏಪ್ರಿಲ್ 13 ಹುಟ್ಟಿತ್ತು. ಅವರಿಗೆ 63 ವರ್ಷ; ನಾಲ್ಕು ಸಲ ಅಧ್ಯಕ್ಷರಾಗಿ ಚುನಾಯಿತರಾದ ಏಕೈಕ ವ್ಯಕ್ತಿ. ಯುರೋಪಿನ ಯುದ್ಧ ಮುಗಿಯಲು ಒಂದು ತಿಂಗಳೂ ಉಳಿದಿರಲಿಲ್ಲ. ಅಂದೇ ಸಂಜೆ ಪ್ರಮಾಣವಚನ ಸ್ವೀಕರಿಸಿದ ಹ್ಯಾರಿ ಟ್ರೂಮನ್‌ಗೆ ಅಣುಬಾಂಬಿನ ಯೋಜನೆಯ ಪೂರ್ಣ ವಿವರ ತಿಳಿದದ್ದು ಅಧ್ಯಕ್ಷರಾದ ಮೇಲೆ.

ರೂಸ್‌ವೆಲ್ಟ್ ಬಯಸಿದ್ದ ವಿಶ್ವಸಂಸ್ಥೆಯ ಸಮ್ಮೇಳನ ಎರಡು ವಾರದೊಳಗೆ, ಏಪ್ರಿಲ್ 25ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾಯಿತು. ಅಲ್ಲಿ ಭಾರತದ ನಿಯೋಗವನ್ನು ಮುನ್ನಡೆಸಿದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಮರುವರ್ಷ ಮೈಸೂರು ಸಂಸ್ಥಾನದ ದಿವಾನರಾದರು.

ರೂಸ್‌ವೆಲ್ಟ್‌ಗೆ 39ನೇ ವಯಸ್ಸಿನಲ್ಲಿ, 1921ರಲ್ಲಿ, ಕಾಲುಗಳ ಶಕ್ತಿ ಉಡುಗಿಹೋಗಿತ್ತು. ವೈದ್ಯರು ಅದನ್ನು ಪೋಲಿಯೊ ಎಂದು ಗುರುತಿಸಿದರು. ವಾರ್ಮ್ ಸ್ಪ್ರಿಂಗ್ಸ್‌ನ ಬಿಸಿನೀರಿನ ಬುಗ್ಗೆಯಲ್ಲಿ ಈಜಿದರೆ ಹಿತವೆನಿಸುತ್ತದೆಂದು ಅಲ್ಲಿಗೆ ಹೋದವರು ಆ ಜಾಗವನ್ನು ಬಿಡಲೇ ಇಲ್ಲ. ಇತರ ರೋಗಿಗಳಿಗೂ ಅಲ್ಲಿ ಚಿಕಿತ್ಸಾ ಕೇಂದ್ರ ತೆರೆದರು. 1938ರಲ್ಲಿ ಪೋಲಿಯೊ ವಿರುದ್ಧ ರಾಷ್ಟ್ರೀಯ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಹತ್ತು ಸೆಂಟಿನ ನಾಣ್ಯವಾದ ಡೈಮನ್ನು ಅಂಚೆಯಲ್ಲಿ ಕಳಿಸಿ ಎಂದು ಜನರನ್ನು ಕೇಳಿಕೊಂಡದ್ದರಿಂದ ಅದರ ನಿಧಿಸಂಗ್ರಹಕ್ಕೆ ‘ಮಾರ್ಚ್ ಆಫ್ ಡೈಮ್ಸ್’ ಎಂದು ಹೆಸರು ಬಿತ್ತು. ಅವರು ತೀರಿಕೊಂಡ ಮರುವರ್ಷದಿಂದ ಅದೇ ನಾಣ್ಯದ ಮೇಲೆ ಅವರ ಮುಖ ಅಚ್ಚಾಯಿತು.

ಈ ಚಿಲ್ಲರೆ ಹಣವೇ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜೋನಸ್ ಸಾಕ್ ಅವರ ಪ್ರಯೋಗಾಲಯಕ್ಕೆ ಆಧಾರವಾಯಿತು. ಸಾಕ್ ಪೋಲಿಯೊ ವೈರಸ್ಸನ್ನು ಬೆಳೆಸಿ, ಫಾರ್ಮಾಲಿನ್‌ನಲ್ಲಿ ಕೊಂದು, ಅದನ್ನು ಲಸಿಕೆಯಾಗಿ ಚುಚ್ಚುವ ದಾರಿ ಹಿಡಿದರು. ಸತ್ತ ವೈರಸ್ ರೋಗ ತರದು. ಆದರೆ ದೇಹ ಅದರ ಗುರುತು ಹಿಡಿದು ಪ್ರತಿರೋಧವನ್ನು ಸಜ್ಜುಮಾಡಿಕೊಳ್ಳುತ್ತದೆ. 1952ರಲ್ಲಿ ಅಮೆರಿಕವೊಂದರಲ್ಲೇ ಸುಮಾರು 58,000 ಜನರಿಗೆ ಪೋಲಿಯೊ ತಗುಲಿ 3,000ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಬೇಸಿಗೆ ಬಂತೆಂದರೆ ಈಜುಕೊಳಗಳು ಮುಚ್ಚುತ್ತಿದ್ದವು. ಆಸ್ಪತ್ರೆಗಳಲ್ಲಿ ‘ಐರನ್ ಲಂಗ್’ ಎಂಬ ಉಸಿರಾಟದ ಪೆಟ್ಟಿಗೆಗಳ ಸಾಲು, ತಲೆ ಮಾತ್ರ ಹೊರಗಿಟ್ಟು ಅದರೊಳಗೆ ಮಲಗಿದ ಮಕ್ಕಳು. 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಲಸಿಕೆಯ ಪರೀಕ್ಷೆಯಲ್ಲಿ ಪಾಲ್ಗೊಂಡರು. ಕೆಲವರಿಗೆ ಲಸಿಕೆ, ಕೆಲವರಿಗೆ ಲಸಿಕೆಯಿಲ್ಲದ ಬರಿಯ ದ್ರವ, ಉಳಿದವರು ಹೋಲಿಕೆಗೆ. ತಂದೆತಾಯಂದಿರು ತಮ್ಮ ಮಕ್ಕಳನ್ನು ಇನ್ನೂ ಸಾಬೀತಾಗದ ಲಸಿಕೆಗೆ ಒಪ್ಪಿಸಿದ್ದು ಆ ರೋಗದ ಭಯ ಎಷ್ಟಿತ್ತೆಂಬುದನ್ನು ಹೇಳುತ್ತದೆ.

ಪರೀಕ್ಷೆಯ ಫಲವನ್ನು ಮಿಷಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್ 1955ರ ಏಪ್ರಿಲ್ 12ರಂದು ಆ್ಯನ್ ಆರ್ಬರ್‌ನಲ್ಲಿ ಓದಿ ಹೇಳಿದರು. ರೂಸ್‌ವೆಲ್ಟ್ ತೀರಿಕೊಂಡು ಅಂದಿಗೆ ಸರಿಯಾಗಿ ಹತ್ತು ವರ್ಷ. ಲಸಿಕೆ ಸುರಕ್ಷಿತ, ಅಂಗವೈಕಲ್ಯ ತರುವ ಪೋಲಿಯೊ ವಿರುದ್ಧ ಶೇ 80ರಿಂದ 90ರಷ್ಟು ಫಲಕಾರಿ ಎಂಬ ಸುದ್ದಿ ರೇಡಿಯೊದಲ್ಲಿ ಬರುತ್ತಿದ್ದಂತೆ ಊರೂರಲ್ಲಿ ಚರ್ಚಿನ ಗಂಟೆಗಳು ಮೊಳಗಿದವು. ಲಸಿಕೆಗೆ ಅದೇ ದಿನ ಪರವಾನಗಿ ಸಿಕ್ಕಿತು. ಅದರ ಪೇಟೆಂಟ್ ಯಾರದೆಂದು ಪತ್ರಕರ್ತರು ಕೇಳಿದಾಗ ಸಾಕ್ ಅದು ಜನರದ್ದು ಎಂದರು. ಆದರೆ ಕೆಲವೇ ವಾರಗಳಲ್ಲಿ ಆಘಾತ ಎದುರಾಯಿತು. ತಯಾರಿಕೆಯ ದೋಷದಿಂದ ಒಂದು ಕಂಪನಿಯ ಲಸಿಕೆಯಲ್ಲಿ ಜೀವಂತ ವೈರಸ್ ಉಳಿದು, ಮಕ್ಕಳು ರೋಗಕ್ಕೆ ತುತ್ತಾಗಿ ಹತ್ತು ಮಂದಿ ಸತ್ತರು. ಲಸಿಕೆ ತಯಾರಿಕೆಯ ಮೇಲಿನ ಸರ್ಕಾರಿ ತಪಾಸಣೆ ಬಿಗಿಯಾದದ್ದು ಆ ನೋವಿನ ಪಾಠದಿಂದ.

ನಂತರ ಆಲ್ಬರ್ಟ್ ಸೇಬಿನ್ ಬಾಯಿಗೆ ಹಾಕುವ ಲಸಿಕೆ ತಂದರು. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ನಮ್ಮ ಬಸ್ ನಿಲ್ದಾಣ, ಅಂಗನವಾಡಿ, ಜಾತ್ರೆಗಳಲ್ಲಿ ಮಕ್ಕಳ ನಾಲಿಗೆಗೆ ಬಿದ್ದ ಎರಡು ಹನಿ ಅದೇ. ಭಾರತದಲ್ಲಿ ಸಹಜ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಸಾಕ್ ಮಾದರಿಯ ಚುಚ್ಚುಮದ್ದು 2015ರಿಂದ ಭಾರತದ ಲಸಿಕಾ ಕಾರ್ಯಕ್ರಮಕ್ಕೂ ಸೇರಿದೆ. ಪಾಕಿಸ್ತಾನ ಮತ್ತು ಅಫ್ಗಾನಿಸ್ತಾನದಲ್ಲಿ ಮಾತ್ರ ಆ ವೈರಸ್ ಬೇರೂರಿ ಉಳಿದಿದೆ. 1945 ಮತ್ತು 1955ರ ಎರಡು ಏಪ್ರಿಲ್ 12ಗಳನ್ನು ಕಟ್ಟಿರುವುದು ಒಬ್ಬ ರೋಗಿಯ ಛಲ ಮತ್ತು ಲಕ್ಷಾಂತರ ಜನ ಕಳಿಸಿದ ಚಿಕ್ಕ ನಾಣ್ಯ.

ಗಗಾರಿನ್‌ನ 108 ನಿಮಿಷ, 1961

ಆರು ವರ್ಷದ ನಂತರ, 1961ರ ಏಪ್ರಿಲ್ 12ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 11 ಗಂಟೆ 37 ನಿಮಿಷಕ್ಕೆ ಸೋವಿಯತ್ ಒಕ್ಕೂಟದ ಬೈಕನೂರ್‌ನಿಂದ ವೊಸ್ತೋಕ್ 1 ನೌಕೆ ಮೇಲೇರಿತು. ಒಳಗಿದ್ದವನು 27 ವರ್ಷದ ಯೂರಿ ಗಗಾರಿನ್. ಸ್ಮೋಲೆನ್ಸ್ಕ್ ಪ್ರದೇಶದ ಕ್ಲೂಷಿನೊ ಹಳ್ಳಿಯ ಬಡಗಿಯ ಮಗ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಮನೆ ಕಿತ್ತುಕೊಂಡಾಗ ಮಣ್ಣಿನ ಗುಡಿಸಲಿನಲ್ಲಿ ಬೆಳೆದವನು. ಎತ್ತರ ಸುಮಾರು ಐದಡಿ ಎರಡಂಗುಲ. ನೌಕೆಯ ಇಕ್ಕಟ್ಟಿನ ಗೋಳದೊಳಗೆ ಅದೂ ಒಂದು ಅನುಕೂಲವೇ. ರಾಕೆಟ್ ಹೊರಟಾಗ ‘ಹೊರಟೆವು’ ಎಂಬರ್ಥದ ಒಂದೇ ರಷ್ಯನ್ ಪದವನ್ನು ಅವನು ಉಲ್ಲಾಸದಿಂದ ಕೂಗಿದ.

ತೂಕರಹಿತ ಸ್ಥಿತಿಯಲ್ಲಿ ಮನುಷ್ಯನ ಬುದ್ಧಿ ಸ್ಥಿಮಿತದಲ್ಲಿರುತ್ತದೆಯೇ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ನೌಕೆ ತಾನಾಗಿಯೇ ನಡೆಯುವಂತೆ ಮಾಡಿ ಕೈಯಿಂದ ನಡೆಸುವ ಉಪಕರಣಕ್ಕೆ ಬೀಗ ಹಾಕಲಾಗಿತ್ತು. ಅಗತ್ಯ ಬಿದ್ದರೆ ತೆರೆಯಲು ‘125’ ಎಂಬ ಸಂಕೇತವನ್ನು ಒಂದು ಲಕೋಟೆಯಲ್ಲಿ ಮುಚ್ಚಿಟ್ಟಿದ್ದರು. ಪ್ರಾಣಾಪಾಯದ ವೇಳೆ ಲಕೋಟೆ ಹರಿಯುತ್ತ ಕೂರುವುದು ಬೇಡವೆಂದು ಜೊತೆಗಾರರು ಆ ಅಂಕಿಗಳನ್ನು ಮೊದಲೇ ಅವನ ಕಿವಿಗೆ ಹಾಕಿದ್ದರು. ಅದನ್ನು ಬಳಸುವ ಪ್ರಮೇಯ ಬರಲಿಲ್ಲ.

ಗರಿಷ್ಠ 327 ಕಿ.ಮೀ. ಎತ್ತರದಲ್ಲಿ ಗಂಟೆಗೆ 27,000 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ನೌಕೆ ಭೂಮಿಯನ್ನು ಒಂದು ಸುತ್ತು ಹಾಕಿತು. ಗಂಡಾಂತರ ಬಂದದ್ದು ಇಳಿಯುವಾಗ. ಗಗಾರಿನ್ ಕುಳಿತಿದ್ದ ಗೋಳದಿಂದ ಕಳಚಿಕೊಳ್ಳಬೇಕಿದ್ದ ಯಂತ್ರಭಾಗ ತಂತಿಗಳ ಕಟ್ಟಿನಿಂದ ನೇತಾಡುತ್ತ ಹಾಗೆಯೇ ಉಳಿಯಿತು. ಸುಮಾರು ಹತ್ತು ನಿಮಿಷ ನೌಕೆ ಗಿರಗಿರನೆ ತಿರುಗಿತು. ಕೊನೆಗೆ ವಾತಾವರಣದ ಬಿಸಿಗೆ ಆ ತಂತಿಗಳು ಸುಟ್ಟು ಕಡಿದವು. ಏಳು ಕಿ.ಮೀ. ಎತ್ತರದಲ್ಲಿ ಗಗಾರಿನ್ ನೌಕೆಯಿಂದ ಹೊರಚಿಮ್ಮಿ ಪ್ಯಾರಾಚೂಟ್‌ನಲ್ಲಿ ವೋಲ್ಗಾ ನದಿಯ ಹತ್ತಿರದ ಸರಾಟೊವ್ ಪ್ರದೇಶದ ಹೊಲವೊಂದರಲ್ಲಿ ಇಳಿದ. ಕಿತ್ತಳೆ ಬಣ್ಣದ ಉಡುಪು, ಬಿಳಿಯ ಹೆಲ್ಮೆಟ್ ತೊಟ್ಟು ನಡೆದು ಬಂದವನನ್ನು ಕಂಡು ಹೊಲದಲ್ಲಿದ್ದ ಅಜ್ಜಿ ಮತ್ತು ಮೊಮ್ಮಗಳು ಹೆದರಿದರು. ತಾನೂ ನಿಮ್ಮವನೇ, ಸೋವಿಯತ್ ಮನುಷ್ಯ ಎಂದು ಅವನು ಸಮಾಧಾನ ಹೇಳಿದ. ಪೈಲಟ್ ನೌಕೆಯೊಳಗೇ ಇಳಿದರಷ್ಟೇ ದಾಖಲೆ ಎಂಬ ನಿಯಮವಿದ್ದುದರಿಂದ ಅವನು ಬೇರೆಯಾಗಿ ಇಳಿದ ಸಂಗತಿಯನ್ನು ಸೋವಿಯತ್ ಸರ್ಕಾರ ಹಲವು ವರ್ಷ ಮುಚ್ಚಿಟ್ಟಿತು. ಈ ಎಲ್ಲದರ ಶಿಲ್ಪಿ ಸೆರ್ಗೆಯ್ ಕೊರೊಲ್ಯೊವ್ ಅವರ ಹೆಸರು ಕೂಡ 1966ರಲ್ಲಿ ಅವರು ಸಾಯುವವರೆಗೆ ರಹಸ್ಯವಾಗಿತ್ತು.

ಗಗಾರಿನ್ ಅದೇ ವರ್ಷದ ಕೊನೆಗೆ ಭಾರತಕ್ಕೂ ಬಂದು ಪ್ರಧಾನಿ ನೆಹರೂ ಅವರನ್ನು ಭೇಟಿಯಾದ. 1968ರ ಮಾರ್ಚ್ 27ರಂದು ತರಬೇತಿ ವಿಮಾನ ಅಪಘಾತದಲ್ಲಿ, 34ನೇ ವಯಸ್ಸಿನಲ್ಲಿ, ತೀರಿಕೊಂಡ. ಅವನ ಹೆಸರಿನ ತರಬೇತಿ ಕೇಂದ್ರದಲ್ಲಿ ಕಲಿತ ರಾಕೇಶ್ ಶರ್ಮಾ 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯರಾದರು. ಭಾರತದ ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರೂ 2020–21ರಲ್ಲಿ ಅಲ್ಲೇ ತರಬೇತಿ ಪಡೆದರು; ಆ ಯೋಜನೆಯನ್ನು ನಡೆಸುವ ಇಸ್ರೊ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗವೂ ಹೋಯಿತು. ಹೆಸರುಕಾಳು ಮತ್ತು ಮೆಂತ್ಯ ತೂಕರಹಿತ ಸ್ಥಿತಿಯಲ್ಲಿ ಹೇಗೆ ಮೊಳೆಯುತ್ತವೆ ಎಂಬುದನ್ನು ಅಲ್ಲಿ ನೋಡಲಾಯಿತು.

ಟೆರ್ರಿ ಫಾಕ್ಸ್ 1980, ಕೊಲಂಬಿಯಾ 1981

1980ರ ಏಪ್ರಿಲ್ 12ರಂದು ಕೆನಡಾದ ಪೂರ್ವ ತುದಿಯ ಸೇಂಟ್ ಜಾನ್ಸ್‌ನಲ್ಲಿ 21 ವರ್ಷದ ಟೆರ್ರಿ ಫಾಕ್ಸ್ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದಲ್ಲಿ ಅದ್ದಿ ಓಟ ಶುರುಮಾಡಿದ. ಮೂಳೆಯ ಕ್ಯಾನ್ಸರ್‌ನಿಂದ 18ನೇ ವಯಸ್ಸಿನಲ್ಲಿ ಬಲಗಾಲು ಕಳೆದುಕೊಂಡಿದ್ದ ಅವನು ದೇಶದ ಉದ್ದಕ್ಕೂ ಓಡಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಹೊರಟಿದ್ದ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್‌ನಷ್ಟು ದೂರ. 143 ದಿನಗಳಲ್ಲಿ 5,373 ಕಿ.ಮೀ. ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ನಿಲ್ಲಿಸಬೇಕಾಯಿತು. ಮರುವರ್ಷ ಜೂನ್‌ನಲ್ಲಿ ಅವನು ತೀರಿಕೊಳ್ಳುವ ಮೊದಲೇ, ಪ್ರತಿ ಕೆನಡಿಯನ್ನನಿಂದ ಒಂದು ಡಾಲರ್ ಎಂಬ ಅವನ ಗುರಿ ಮುಟ್ಟಿ 2.4 ಕೋಟಿ ಡಾಲರ್ ಸೇರಿತ್ತು. ಅವನ ಹೆಸರಿನ ಓಟ ಇಂದಿಗೂ ಪ್ರತಿವರ್ಷ ಹಲವು ದೇಶಗಳಲ್ಲಿ ನಡೆಯುತ್ತದೆ.

ಗಗಾರಿನ್ ಹಾರಿ ಸರಿಯಾಗಿ ಇಪ್ಪತ್ತು ವರ್ಷಕ್ಕೆ, 1981ರ ಏಪ್ರಿಲ್ 12ರಂದು, ಅಮೆರಿಕದ ಕೊಲಂಬಿಯಾ ಸ್ಪೇಸ್ ಷಟಲ್ ಮೊದಲ ಬಾರಿ ಹಾರಿತು. ಇದು ಯೋಜಿಸಿದ್ದಲ್ಲ. ಏಪ್ರಿಲ್ 10ಕ್ಕೆ ನಿಗದಿಯಾಗಿದ್ದ ಉಡಾವಣೆ ಕಂಪ್ಯೂಟರುಗಳ ಸಮಯ ಒಂದಕ್ಕೊಂದು ತಾಳೆಯಾಗದೆ ಎರಡು ದಿನ ಮುಂದಕ್ಕೆ ಹೋಗಿತ್ತು. ಹಿಂದೆ ಚಂದ್ರನ ಮೇಲೆ ನಡೆದಿದ್ದ ಜಾನ್ ಯಂಗ್ ಮತ್ತು ಮೊದಲ ಬಾರಿಗೆ ಹಾರುತ್ತಿದ್ದ ರಾಬರ್ಟ್ ಕ್ರಿಪ್ಪೆನ್ ಅದರಲ್ಲಿದ್ದರು. ಮಾನವರಹಿತವಾಗಿ ಒಮ್ಮೆಯೂ ಕಕ್ಷೆಗೆ ಹೋಗಿಬಾರದ ನೌಕೆಯಲ್ಲಿ ನೇರವಾಗಿ ಮನುಷ್ಯರನ್ನೇ ಕಳಿಸಿದ್ದು ಅದೇ ಮೊದಲು. ರಾಕೆಟ್‌ನಂತೆ ಏರಿ ವಿಮಾನದಂತೆ ರನ್‌ವೇಯಲ್ಲಿ ಇಳಿಯುವ ಷಟಲ್‌ಗಳು 2011ರವರೆಗೆ 135 ಸಲ ಹಾರಿದವು. ಅದೇ ಕೊಲಂಬಿಯಾ 2003ರ ಫೆಬ್ರುವರಿ 1ರಂದು ಮರಳುವಾಗ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು.

ರಾಜ್‌ಕುಮಾರ್ ಅಗಲಿಕೆ 2006, ಫುಕುಶಿಮಾ 2011

2006ರ ಏಪ್ರಿಲ್ 12ರ ಮಧ್ಯಾಹ್ನ ಬೆಂಗಳೂರಿನ ಸದಾಶಿವನಗರದ ಮನೆಯಲ್ಲಿ ಡಾ. ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. 77ನೇ ಹುಟ್ಟುಹಬ್ಬಕ್ಕೆ ಇನ್ನು ಹನ್ನೆರಡು ದಿನವಿತ್ತು. ಗಾಜನೂರಿನ ಮುತ್ತುರಾಜ್ ಆಗಿದ್ದ ಅವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಬಾಲನಟನಾಗಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದರು. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಪುರಾಣ, ಇತಿಹಾಸ, ಸಾಮಾಜಿಕ, ಪತ್ತೇದಾರಿ ಎಲ್ಲ ಬಗೆಯ ಪಾತ್ರಗಳನ್ನು ಮಾಡಿದರು. ನಟನಾಗಿದ್ದೂ ‘ಜೀವನ ಚೈತ್ರ’ದ ಹಾಡಿಗಾಗಿ ಶ್ರೇಷ್ಠ ಹಿನ್ನೆಲೆ ಗಾಯಕನ ರಾಷ್ಟ್ರಪ್ರಶಸ್ತಿ ಪಡೆದರು. 1983ರಲ್ಲಿ ಪದ್ಮಭೂಷಣ, 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದವು. ಕನ್ನಡದ ಪರವಾದ ಗೋಕಾಕ್ ಚಳವಳಿಗೆ ಅವರು ಇಳಿದ ಮೇಲೆ ಅದು ಸಾಹಿತಿಗಳ ವೇದಿಕೆಯಿಂದ ಬೀದಿಬೀದಿಗೆ ಹಬ್ಬಿತು. 2000ದಲ್ಲಿ ಕಾಡುಗಳ್ಳ ವೀರಪ್ಪನ್ ಅಪಹರಿಸಿದಾಗ 108 ದಿನ ಕಾಡಿನಲ್ಲಿದ್ದು ಮರಳಿದರು.

ಅವರ ಸಾವಿನ ಸುದ್ದಿ ಹಬ್ಬುತ್ತಲೇ ನಗರ ಸ್ತಬ್ಧವಾಯಿತು; ದುಃಖ ಹಿಂಸೆಗೆ ತಿರುಗಿ ಜೀವಗಳೂ ಹೋದವು. ಆ ದಿನದ್ದೇ ಇನ್ನೊಂದು ಸಂಗತಿ ಹೆಚ್ಚು ಕಾಲ ಉಳಿಯಿತು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ಕರ್ನಾಟಕದಲ್ಲಿ ನೇತ್ರದಾನ ಎಂದ ಕೂಡಲೇ ರಾಜ್‌ಕುಮಾರ್ ಹೆಸರು ನೆನಪಾಗುವುದು ಅಂದಿನಿಂದ.

2011ರ ಏಪ್ರಿಲ್ 12ರಂದು ಜಪಾನ್ ಸರ್ಕಾರ ಫುಕುಶಿಮಾ ಅಣುಸ್ಥಾವರದ ಅವಘಡವನ್ನು ಗಂಭೀರತೆಯ ಅತಿ ಮೇಲಿನ ಏಳನೇ ಮಟ್ಟಕ್ಕೆ ಏರಿಸಿತು. ಅದುವರೆಗೆ ಆ ಮಟ್ಟ ಮುಟ್ಟಿದ್ದು 1986ರ ಚೆರ್ನೋಬಿಲ್ ದುರಂತ ಮಾತ್ರ.

ಈ ದಿನ ಹುಟ್ಟಿದವರು

ಕ್ರಿಕೆಟಿಗ ವಿನೂ ಮಂಕಡ್ ಹುಟ್ಟಿದ್ದು 1917ರ ಏಪ್ರಿಲ್ 12ರಂದು, ಜಾಮ್‌ನಗರದಲ್ಲಿ. ಬ್ಯಾಟಿಂಗ್ ಮತ್ತು ಎಡಗೈ ಸ್ಪಿನ್ ಎರಡರಲ್ಲೂ ಭಾರತದ ಆರಂಭದ ವರ್ಷಗಳ ಆಧಾರಸ್ತಂಭ. 1952ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಭಾರತ ತನ್ನ ಮೊದಲ ಟೆಸ್ಟ್ ಗೆಲುವು ಕಂಡಾಗ ಅವರು ಪಡೆದದ್ದು 12 ವಿಕೆಟ್. ಅದೇ ವರ್ಷ ಲಾರ್ಡ್ಸ್ ಟೆಸ್ಟಿನಲ್ಲಿ 72 ಮತ್ತು 184 ರನ್ ಗಳಿಸಿ, ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕೂಡ ಉರುಳಿಸಿದರು. 1956ರಲ್ಲಿ ಪಂಕಜ್ ರಾಯ್ ಜೊತೆ ಮೊದಲ ವಿಕೆಟ್ಟಿಗೆ ಸೇರಿಸಿದ 413 ರನ್ 52 ವರ್ಷ ವಿಶ್ವದಾಖಲೆಯಾಗಿತ್ತು. 1947ರಲ್ಲಿ ಸಿಡ್ನಿಯಲ್ಲಿ, ಚೆಂಡು ಎಸೆಯುವ ಮೊದಲೇ ಕ್ರೀಸ್ ಬಿಟ್ಟ ಬಿಲ್ ಬ್ರೌನ್ ಅವರನ್ನು ರನ್ ಔಟ್ ಮಾಡಿದ್ದಕ್ಕೆ ಅವರ ಹೆಸರು ಆ ಬಗೆಯ ಔಟ್‌ಗೇ ಅಂಟಿಕೊಂಡಿತು. ಅದು ನಿಯಮಕ್ಕೆ ಒಳಪಟ್ಟದ್ದೇ ಆಗಿತ್ತು. 2022ರಲ್ಲಿ ಕ್ರಿಕೆಟ್ ನಿಯಮಾವಳಿ ಅದನ್ನು ‘ಅನ್ಯಾಯದ ಆಟ’ದ ವಿಭಾಗದಿಂದ ತೆಗೆದು ಸಾಮಾನ್ಯ ರನ್ ಔಟ್ ಜೊತೆ ಸೇರಿಸಿತು.

ನೊಬೆಲ್ ಪಡೆದ ಇಬ್ಬರು ಈ ದಿನ ಹುಟ್ಟಿದ್ದಾರೆ. ಜರ್ಮನಿಯ ಒಟ್ಟೊ ಮೇಯರ್‌ಹಾಫ್ (1884) ಸ್ನಾಯುಗಳಲ್ಲಿ ಆಮ್ಲಜನಕದ ಬಳಕೆಗೂ ಲ್ಯಾಕ್ಟಿಕ್ ಆಮ್ಲಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದು 1922ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಯಹೂದಿಯಾಗಿದ್ದ ಅವರು 1938ರಲ್ಲಿ ನಾಜಿ ಜರ್ಮನಿ ಬಿಟ್ಟು ಫ್ರಾನ್ಸಿಗೆ, ಅಲ್ಲಿಂದ 1940ರಲ್ಲಿ ಅಮೆರಿಕಕ್ಕೆ ಪಾರಾದರು. ನೆದರ್ಲೆಂಡ್ಸ್‌ನ ಯಾನ್ ಟಿನ್‌ಬರ್ಗನ್ (1903) ಓದಿದ್ದು ಭೌತವಿಜ್ಞಾನ. ಒಂದು ಇಡೀ ದೇಶದ ಆರ್ಥಿಕತೆಯನ್ನು ಸಮೀಕರಣಗಳಲ್ಲಿ ಹಿಡಿದಿಟ್ಟ ಮೊದಲಿಗರಲ್ಲಿ ಅವರೊಬ್ಬರು. 1969ರಲ್ಲಿ ಅರ್ಥಶಾಸ್ತ್ರಕ್ಕೆ ಮೊತ್ತಮೊದಲ ನೊಬೆಲ್ ಕೊಟ್ಟಾಗ ಅದನ್ನು ರಾಗ್ನರ್ ಫ್ರಿಷ್ ಜೊತೆ ಪಡೆದರು. ತಮ್ಮ ನಿಕೊ ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದದ್ದರಿಂದ ಇವರು ಅಪರೂಪದ ಸಹೋದರ ಜೋಡಿ.

ಸ್ಪೇನಿನ ಒಪೆರಾ ಗಾಯಕಿ ಮೊನ್ಸರಾ ಕಬಾಯೆ (1933), ಅಮೆರಿಕದ ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ (1940), ಕಾದಂಬರಿಕಾರ ಟಾಮ್ ಕ್ಲಾನ್ಸಿ (1947) ಇದೇ ದಿನ ಹುಟ್ಟಿದವರು. 2014ರಿಂದ 2019ರವರೆಗೆ ಲೋಕಸಭೆಯ ಸ್ಪೀಕರ್ ಆಗಿದ್ದ, ಇಂದೋರ್ ಕ್ಷೇತ್ರದಿಂದ ಎಂಟು ಸಲ ಗೆದ್ದ ಸುಮಿತ್ರಾ ಮಹಾಜನ್ ಹುಟ್ಟಿದ್ದು 1943ರಲ್ಲಿ, ಮಹಾರಾಷ್ಟ್ರದ ಚಿಪಳೂಣದಲ್ಲಿ.

ಆಚರಣೆ

ಸೋವಿಯತ್ ಒಕ್ಕೂಟ 1962ರಿಂದಲೇ ಏಪ್ರಿಲ್ 12ನ್ನು ಗಗನಯಾತ್ರೆಯ ದಿನವಾಗಿ ಆಚರಿಸುತ್ತ ಬಂತು. ರಷ್ಯಾ ಅದನ್ನು ಮುಂದುವರಿಸಿದೆ. ಗಗಾರಿನ್ ಯಾನದ ಮತ್ತು ಷಟಲ್‌ನ ಮೊದಲ ಹಾರಾಟದ ನೆನಪನ್ನು ಒಟ್ಟುಗೂಡಿಸಿ 2001ರಿಂದ ಹಲವು ದೇಶಗಳ ಬಾಹ್ಯಾಕಾಶಪ್ರಿಯರು ‘ಯೂರೀಸ್ ನೈಟ್’ ನಡೆಸುತ್ತಾರೆ. ಒಂದು ಕಾಲಕ್ಕೆ ಬಾಹ್ಯಾಕಾಶದಲ್ಲಿ ಪರಸ್ಪರ ಸೆಣಸುತ್ತಿದ್ದ ಎರಡು ದೇಶಗಳ ಸಾಧನೆಗೆ ಹೀಗೆ ಒಂದೇ ಸಂಭ್ರಮವಾಗಿದೆ. ಗಗಾರಿನ್ ಹಾರಿದ ಐವತ್ತನೇ ವರ್ಷ, 2011ರ ಏಪ್ರಿಲ್ 7ರಂದು, ವಿಶ್ವಸಂಸ್ಥೆಯ ಮಹಾಸಭೆ ಏಪ್ರಿಲ್ 12ನ್ನು ಅಂತರರಾಷ್ಟ್ರೀಯ ಮಾನವ ಬಾಹ್ಯಾಕಾಶ ಯಾನ ದಿನವೆಂದು ಘೋಷಿಸಿತು. ಬಾಹ್ಯಾಕಾಶ ಶಾಂತಿಯ ಕೆಲಸಕ್ಕೆ, ಎಲ್ಲ ಮನುಷ್ಯರ ಒಳಿತಿಗೆ ಬಳಕೆಯಾಗಲಿ ಎಂಬುದು ಆ ಘೋಷಣೆಯ ಆಶಯ.